ಬೇವಿನ ನೆರಳಿನ ಮಹಾಸಮರ

ಮಾತು ಮುಗಿಯುವ ಮೊದಲೇ ಬೇವಿನ ಮರದಡಿ ಜೇನುಪೆಟ್ಟಿಗೆಗಳ ಬಾಗಿಲು ತೆರೆದದ್ದು ತಪ್ಪಾಯಿತೇ? ಹೊಲದಲ್ಲಿ ಜಾಗ ಕೊಡಲು ಗೌಡರು ಒಪ್ಪಿದ್ದರು, ನಿಜ. ಕೂಲಿಯ ಮಾತು ಇನ್ನೂ ಆಗಿರಲಿಲ್ಲ. ಆದರೆ ದಾರಿಯುದ್ದಕ್ಕೂ ಮುಚ್ಚಿಟ್ಟು ತಂದ ಜೇನುಹುಳುಗಳು ಸೆಕೆಗೆ ಮೊರೆಯುವುದನ್ನು ಕೇಳಲಾರದೆ ಗುರುಪಾದ ಹನ್ನೆರಡೂ ಬಾಗಿಲುಗಳನ್ನು ತೆರೆದುಬಿಟ್ಟಿದ್ದ. ಇನ್ನು ಅವೆಲ್ಲ ಗೂಡು ಸೇರುವುದು ಹೊತ್ತು ಮುಳುಗಿದ ಮೇಲೆಯೇ. ಅಲ್ಲಿಯತನಕ ಪೆಟ್ಟಿಗೆ ಎತ್ತುವಂತಿಲ್ಲ.

ಧರ್ಮವು ಒಂಟಿಕಾಲಿನಲ್ಲಿ ನಿಂತಿರುವ, ಆ ಕಾಲೂರಿದ ನೆಲಕ್ಕೂ ಬಾಡಿಗೆ ಕೇಳುವ ಎಲೈ ಕಲಿಯುಗವೇ, ಕೇಳು. ಹೊಲದಲ್ಲಿ ಪೆಟ್ಟಿಗೆಯಿಟ್ಟವನು ಹೊಲದೊಡೆಯನಿಗೆ ಒಂದು ಬಾಟಲಿ ಜೇನುತುಪ್ಪವನ್ನು ಕಪ್ಪವಾಗಿ ಒಪ್ಪಿಸಬೇಕೆಂಬ ಪುರಾತನ ಕಟ್ಟಳೆಯನ್ನು ಮುರಿದು, ಒಡೆಯನಿಂದಲೇ ಕೂಲಿ ಪಡೆದು, ಇನ್ನು ಯಾರ ಬದುವಿನ ಮೇಲೂ ಕೈಮುಗಿದು ನಿಲ್ಲೆನೆಂದು ತನ್ನೊಳಗೇ ಘೋರಪ್ರತಿಜ್ಞೆ ಕೈಗೊಂಡಿದ್ದ ಲಕ್ಷಮಕ್ಷಿಕಾಪರಿವೃತ, ಮಕರಂದಸೇನಾಧಿಪತಿ, ಸ್ವಸೈನ್ಯದಿಂದಲೇ ಎಡಗಣ್ಣಿನ ಮೇಲೆ ಎರಡು ಬಾರಿ ಗಾಯಗೊಂಡ ಮಹಾವೀರನು ಈ ಗುರುಪಾದನೇ, ತತ್ತ್ವಶಾಸ್ತ್ರದಲ್ಲಿ ಎಂ.ಎ.

ಅತ್ತ ಬದುವಿನ ಮೇಲೆ, ಎಂಟೆಕರೆ ಸೂರ್ಯಕಾಂತಿಯ ಸಾರ್ವಭೌಮರಾದ ನೀಲನಗೌಡರು ಕಡ್ಡಿ ಮುರಿದ ಕೊಡೆಯೊಡನೆ ಬಿಜಯಂಗೈದರು. ಹಿಂದೆ, ಬುತ್ತಿ ಹೊತ್ತ ಅವರ ತಾಯಿ ಗಂಗವ್ವ.

"ಗೌಡ್ರ, ಪೆಟಗಿಗೆ ನೂರು ರೂಪಾಯಿ," ಎಂದು ಗುರುಪಾದ ಶಂಖನಾದಗೈದ.

"ಯಾರು ಯಾರಿಗೆ ಕೊಡೂದು?"

"ನೀವು ನನಗ."

"ಅಲ್ಲೋ ತಮ್ಮಾ, ನನ್ನ ಹೂವಿನಾಗ ಉಣ್ಣೂವು ನಿನ್ನ ಹುಳ. ಉಂಡವರಿಗೆ ನಾನ ದಕ್ಷಿಣಿ ಕೊಡ್ಲೇನು? ನಮ್ಮ ಬೀಗರಿಗೂ ಇಷ್ಟು ಸೊಕ್ಕಿಲ್ಲ."

"ನನ್ನ ಹುಳ ಹಾಯದಿದ್ರ ನಿಮ್ಮ ಹೂವು ಸೂರ್ಯಾನ್ನ ನೋಡಿಕೋತ ನಿಲ್ತಾವ ಅಷ್ಟ, ಕಾಳು ಕಟ್ಟೂದಿಲ್ಲ. ಬ್ಯಾಡಂದ್ರ ಹೇಳ್ರಿ, ಈಗಿಂದೀಗ ಪೆಟಗಿ ಗಾಡಿಗೆ ಏರಿಸ್ತೀನಿ."

ಆ ಸಿಂಹಗರ್ಜನೆಗೆ ದಿಗ್ಗಜಗಳು ನಡುಗಿದವೋ ಇಲ್ಲವೋ, ಗುರುಪಾದ ಮಾತ್ರ ತೆರೆದ ಬಾಗಿಲುಗಳಿಗೆ ಅಡ್ಡವಾಗಿ ಸರಿದು ನಿಂತ. ಅವನ ಸೈನ್ಯ ಆಗಲೇ ಗೌಡರ ರುಮಾಲನ್ನು ದಾಟಿ ಹೂವಿನತ್ತ ಹಾರುತ್ತಿತ್ತು. ಗೌಡರು ಅದನ್ನು ಗಮನಿಸದೆ ತಾಯಿಯ ಮುಖ ನೋಡಿದರು.

"ಹೋದ ವರ್ಷ ತೆನಿ ನಡಕ ಬರೇ ಜೊಳ್ಳಿತ್ತು, ಮರತಿಯೇನು?" ಎಂದಳು ಗಂಗವ್ವ. "ಕೊಡು."

"ಆತು, ಪೆಟಗಿಗೆ ನೂರು," ಎಂದರು ಗೌಡರು.

ಪುಷ್ಪವೃಷ್ಟಿಯಾಗಬೇಕಿತ್ತು. ಬೇವಿನಿಂದ ಎರಡು ಹಣ್ಣೆಲೆ ಬಿದ್ದವು. ಗೌಡರು ತಲೆಯೆತ್ತಿ ಮರವನ್ನು ನೋಡಿದರು.

"ಈ ಗಿಡದ ನೆಳ್ಳಿನ ಬಾಡಿಗಿ, ಅದೂ ಪೆಟಗಿಗೆ ನೂರು. ನೆಳ್ಳೇನು ಪುಕ್ಕಟ ಬೆಳದಿಲ್ಲ, ನಮ್ಮಪ್ಪ ನೀರು ಹಾಕ್ಯಾನ. ಒಲ್ಲೆ ಅಂದ್ರ ಏರಿಸು."

ಗುರುಪಾದ ಪೆಟ್ಟಿಗೆಗಳತ್ತ ನೋಡಿದ. ಹನ್ನೆರಡರ ಬಾಯಿಂದಲೂ ಹುಳುಗಳು ನೂಲೆಳೆಯಂತೆ ಹೊರಡುತ್ತಿದ್ದವು. ತತ್ತ್ವಶಾಸ್ತ್ರ ಓದಿದವನಿಗೆ ಕೂಡಿ ಕಳೆದರೆ ಉಳಿಯುವುದು ಶೂನ್ಯವೆಂಬುದು ಬೇಗ ತಿಳಿಯುತ್ತದೆ. "ಆಗ್ಲಿ ಬಿಡ್ರಿ," ಎಂದ.

"ಮತ್ತ ನಮ್ಮ ಬಾಟ್ಲಿ?" ಗಂಗವ್ವ ಕೈ ಚಾಚಿದಳು.

"ಲೆಕ್ಕ ಸರಿಹೋತಲ್ಲ, ಯವ್ವಾ?"

"ಅದು ವ್ಯವಹಾರ. ಇದು ಪದ್ಧತಿ."

ಹೀಗೆ ಪುರಾತನ ಕಟ್ಟಳೆಯನ್ನು ಭಂಗಿಸಿದ ಮಹಾವೀರನು ಒಂದು ಬಾಟಲಿ ಜೇನುತುಪ್ಪ ತೆತ್ತು, ಗಂಗವ್ವನ ಬುತ್ತಿಯಿಂದ ಒಂದೂವರೆ ರೊಟ್ಟಿ, ಶೇಂಗಾ ಚಟ್ನಿ ಗೆದ್ದು, ಬಾಡಿಗೆಯ ನೆರಳಿನಲ್ಲೇ ಕೂತು ಉಂಡ. ಸಂಜೆಯತನಕ ಆ ಪೆಟ್ಟಿಗೆಗಳನ್ನು ಎತ್ತಲು ತನ್ನಿಂದ ಆಗುತ್ತಿರಲಿಲ್ಲವೆಂದು ಅವನು ಗೌಡರಿಗೆ ಕೊನೆಗೂ ಹೇಳಲಿಲ್ಲ.