ಅವ್ವನ ಹನ್ನೊಂದು ಕಾರ್ಡು

ಬ್ಯಾಡಾದ ಕಾಗದ ಯಾರ ಮನಿಗಿ ಬರಂಗಿಲ್ಲ ಹೇಳ್ರಿ? ಆದ್ರ ಟಪಾಲಿನವನ ಮನಿಗೇ ಅವು ಹೊಳಿ ಹರದಂಗ ಬರ್ತಾವಂದ್ರ ಏನನ್ನೂಣು! ನಿಜಾಮನ ರಾಜ್ಯ ಹೋಗಿ ಎರಡ್ಮೂರು ವರ್ಷ ಆಗಿತ್ತು. ನಾ ಆಗ ಮಸ್ಕಿಯೊಳಗ ಕಾಗದ ಹಂಚ್ತಿದ್ದೆ. ನಮ್ಮವ್ವ ಇನ್ನಾ ಇದ್ಲು. ಆ ದಿನ ನೆನಸಿದ್ರ ಈಗೂ ನಗಿ ಬರ್ತದ.

ಮೊದಲ್ನೇದು

ಒಂದಿನ ನಮ್ಮನಿಗೇ ಒಂದು ಕಾರ್ಡು ಬಂತು. ಬರದವರ ಹೆಸರಿಲ್ಲ. "ಇದು ಶಿವನ ಅಪ್ಪಣೆ. ಹನ್ನೊಂದು ಮಂದಿಗೆ ಬರೆದು ಕಳಿಸಿದರೆ ಶುಭ, ಕಳಿಸದಿದ್ದರೆ ಕೇಡು." ನಾ ಓದಿ ನಕ್ಕೆ. ಅವ್ವ ನಗಲಿಲ್ಲ. ಹಟ್ಟಿಗೆ ಕೊಟ್ಟ ನನ್ನ ತಂಗಿಗೆ ಐದು ತಿಂಗಳಾಗಿತ್ತು. ಹಿಂದ ಎರಡು ಸಲ ಬಸುರು ನಿಂತಿರಲಿಲ್ಲ.

"ನೀ ಹನ್ನೊಂದೂ ಬರಿಯೂತನ ನಾ ತುತ್ತು ಬಾಯಿಗಿಡಂಗಿಲ್ಲ" ಅಂತ ಕುಂತ್ಲು.

ಆಕಿಗೆ ಓದು ಬರಹ ಇಲ್ಲ. ಹಗಲೆಲ್ಲಾ ಕಾಗದ ಹಂಚಿ, ಮನಿಗೆ ಬಂದು ನಾಳೆ ಹಂಚೂ ಕಾಗದಾನೂ ತಾನ ಬರಿಯೂ ಟಪಾಲಿನವ ತಾಲೂಕಿಗೆಲ್ಲಾ ನಾ ಒಬ್ಬನ ಇದ್ದೆ.

ಲೆಕ್ಕ

ಲಿಂಗಸುಗೂರಿನ ಅತ್ತಿ, ಸಿಂಧನೂರಿನ ಮಾವ, ಹಟ್ಟಿಯ ಬೀಗರು, ಎಲ್ಲಾರಿಗೂ ಹೋದ್ವು. ಅವರಿಗೂ ಹೆದರಿಕಿ, ಅವರಿಗೂ ಹನ್ನೊಂದು ಮಂದಿ ಬೇಕಲ್ಲ! ಹೊಳ್ಳಿ ನಮಗ ಬರದ್ರು. ವಾರದಾಗ ಆರು ಕಾರ್ಡು!

"ಯವ್ವಾ, ಇವು ನಾವು ಕಳಿಸಿದ್ವೇ ಹೊಳ್ಳಿ ಬಂದಾವ. ಬಿಟ್ಟುಬಿಡು."

"ಮಗ್ಗಿ ಕಲ್ತೀ ಇಲ್ಲಲೇ? ಆರು ಹನ್ನೊಂದ್ಲೆ ಎಷ್ಟಾತು, ಅಷ್ಟು ಬರಿ. ಅಲ್ಲೀತನ ನಾ ಮತ್ತ ಉಣ್ಣಂಗಿಲ್ಲ."

ಬೀಗತಿ ಬಂದ್ಲು

ಒಂದಿನ ತಂಗಿಯ ಅತ್ತಿ ಹಟ್ಟಿಯಿಂದ ಬಸ್ಸಿಗೆ ಬಂದಿಳಿದ್ಲು. ನೀರು ಸೈತ ಮುಟ್ಟಲಿಲ್ಲ, ನಾವು ಕಳಿಸಿದ ಕಾರ್ಡು ಮುಂದ ಹಿಡದ್ಲು.

"ತಗೋರಿ ನಿಮ್ದು. ಅವ್ವ ಉಪಾಸ ಅದಾಳಂತ ಸುದ್ದಿ ಕೇಳಿ ನಿಮ್ಮ ಮಗಳೂ ಉಣವಲ್ಲಳು. ಬಸುರಿ ಹೆಣ್ಮಗಳು ಏನಾಗಬೇಕ್ರೀ?"

ಅವ್ವನ ಮಾರಿ ಸಪ್ಪಗಾತು. ನಾ ಏನರೆ ಮಾತಾಡಬೇಕಂತ, "ಇದಕ್ಕ ಇಷ್ಟು ದೂರ ಬಂದ್ರೇನ್ರೀ? ಟಪಾಲಿಗೆ ಹಾಕಿದ್ರ ನಾನ ತರ್ತಿದ್ದೆ" ಅಂದೆ.

"ಶಾಣ್ಯಾ ಅದೀ ಬಿಡು! ಟಪಾಲಿಗೆ ಹಾಕಿದ್ರ ಒಂದು ಕಳಿಸಿದಂಗ ಆತು. ಉಳಿದ ಹತ್ತು ನಿಮ್ಮಪ್ಪ ಬರಿತಾನೇನು?"

ಶಿವನ ಉತ್ತರ

ಟಪಾಲಿನವ ಮಾಡಬಾರದ ಕೆಲಸ ಮಾಡಿದೆ. ಎಡಗೈಲೆ ಒಂದು ಕಾರ್ಡು ಬರದೆ: "ನಿಮ್ಮ ಕಾರ್ಡುಗಳೆಲ್ಲಾ ಮುಟ್ಟಿದವು. ಸಂತೋಷ. ಮಗಳು ಸುಖವಾಗಿ ಹಡೆಯುವಳು. ಇನ್ನು ಯಾರೂ ಬರೆಯಬೇಡಿರಿ. ಇಂತಿ, ಶಿವ." ಹಡಿಯೂ ಮಾತು ಬರಿಯೂ ಮುಂದ ಒಮ್ಮೆ ಶಿವಗ ಕೈ ಮುಗದೆ. ಪುಣ್ಯಾ, ಮುಂದ ಹಂಗ ಆತು.

ಟಪಾಲ್ ಆಫೀಸಿನ ಠಸ್ಸಿ ಹೊಡದು, ಮರುದಿನ ನಮ್ಮ ಬಾಗಿಲಾಗ ನಿಂತು "ಟಪಾಲ್!" ಅಂತ ಕೂಗಿ, ಒಳಗ ಬಂದು ನಾನ ಓದಿದೆ.

ಅವ್ವ ಕಾರ್ಡು ಕಣ್ಣಿಗೊತ್ತಿಕೊಂಡು ಗಳಗಳ ಅತ್ಲು. ಎಷ್ಟೋ ದಿನದ ಮ್ಯಾಲ ರೊಟ್ಟಿ, ಪುಂಡಿಪಲ್ಯ ಹೊಟ್ಟಿ ತುಂಬ ಉಂಡ್ಲು. ನನ್ನ ಕಣ್ಣಾಗೂ ನೀರು ಬಂತು. ಗೆದ್ದೆ ಅಂದ್ಕೊಂಡೆ.

ಕೈ ತೊಳಕೊಂಡು ಬಂದು ನನ್ನ ಮುಂದ ಕುಂತ್ಲು.

"ತಮ್ಮಾ, ಸಾಕ್ಷಾತ್ ಶಿವನೇ ಬರೀಬ್ಯಾಡ್ರಿ ಅಂದಾನ. ಇದು ನಾಕು ಮಂದಿಗೆ ಗೊತ್ತಾಗಬೇಕಲ್ಲಪಾ. ತಗೋ, ಹನ್ನೊಂದು ಬರಿ."