ರೈಲಿಗೆ ಅಂಜದ ತಟ್ಟು

ನನ್ನ ಬಾಯಿ ದೊಡ್ಡದು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಇಬ್ರಾಹಿಂಪುರದ ನಮ್ಮ ಓಣಿಯಲ್ಲಿ ನಾನು ಆಡುವುದು ಬರೇ ಮಾತು; ಮುಂದಿನ ಓಣಿಯವರಿಗೆ ಅದು ಜಗಳವಾಗಿ ಮುಟ್ಟುತ್ತದೆ. ಸಾಲಿ ಅರ್ಧಕ್ಕೆ ಬಿಟ್ಟವಳು ನಾನು. ಅಕ್ಷರ ಕಡಿಮೆ ಬಿದ್ದಲ್ಲಿ ದನಿ ಹಾಕಿ ತುಂಬಿಸಿಕೊಂಡೆ. ಇಷ್ಟು ವರ್ಷ ಇದರಿಂದ ಯಾವ ಲುಕ್ಸಾನೂ ಆಗಿರಲಿಲ್ಲ. ತಟ್ಟು ಕೊಳ್ಳಲು ಹೋದಾಗ ಆಯಿತು.

ತಟ್ಟು ಅಂದರೆ ಕುಳ್ಳ ಕುದುರೆ. ಈ ವಯಸ್ಸಿನಲ್ಲಿ ಕುದುರೆ ಏರುವ ಹುಚ್ಚೇನೂ ನನಗಿಲ್ಲ. ನಾನೂ ಸೊಸೆ ಶಾಂತಾನೂ ಕಡಕ್ ರೊಟ್ಟಿ ಬಡಿದು ಪೇಟೆಯ ಖಾನಾವಳಿಗಳಿಗೆ ಕೊಡುತ್ತೇವೆ. ಅಕಿ ಸ್ಕೂಟಿ ಮೇಲೆ ಒಯ್ದರೆ ರಸ್ತೆಯ ಒಂದೊಂದು ಉಬ್ಬಿಗೂ ರೊಟ್ಟಿ ಚೂರು. "ಅಮ್ಮಾರ, ಹಿಂಗ ಮುರದು ಕೊಟ್ರ ನಾವೇನ್ ಚಹಾದಾಗ ಅದ್ದಿ ತಿನ್ನೂದೇನ್ರಿ? ಇನ್ನೊಮ್ಮೆ ಚೂರು ತಂದ್ರ ಬ್ಯಾರೇದವರ ಕಡೆ ತಗೋತೀವಿ ನೋಡ್ರಿ" ಎಂದು ಖಾನಾವಳಿಯವ ಹೇಳಿಬಿಟ್ಟ. ನಮ್ಮ ಯಜಮಾನರು ಟಾಂಗಾ ಹೊಡೆಯುತ್ತಿದ್ದವರು. ಅವರು ಹೋದರು, ಟಾಂಗಾ ಹಿತ್ತಲಲ್ಲೇ ಉಳಿದು, ಅದರೊಳಗೆ ಕೋಳಿಗಳು ಸಂಸಾರ ಹೂಡಿವೆ. ಕೋಳಿ ಇಳಿಸಿ ತಟ್ಟು ಕಟ್ಟಿದರೆ ರೊಟ್ಟಿ ಮೆಲ್ಲಕ ಹೋಗಿ ಮುಟ್ಟುತ್ತವಲ್ಲ ಅಂತ ನನ್ನ ವಿಚಾರ.

ಜೈನಾಪುರದಲ್ಲಿ ಮಲ್ಲಪ್ಪ ಅಂತ ಒಬ್ಬ, ಮನೆ ಮಟ್ಟಿಗೆ ಕುದುರೆ ಸಾಕಿ, ಮರಿಗಳನ್ನು ಕೈಯಾರೆ ಪಳಗಿಸಿ ಕೊಡುತ್ತಾನೆ ಎಂದು ತಿಳಿಯಿತು. ಬಬಲೇಶ್ವರದವರೆಗೆ ಬಸ್ಸು, ಅಲ್ಲಿಂದ ಜೀಪು ಹಿಡಿದು ಅತ್ತೆ ಸೊಸೆ ಹೊರಟೆವು. ಪರರ ಮನೆಯ ಹೆಣ್ಣನ್ನು ನೋಡಿ ಮನೆಗೆ ತರುವುದಕ್ಕೆ ನನಗೆ ಗೊತ್ತಿರುವುದು ಒಂದೇ ರೀತಿ. ಕಾಯಿ, ಖಣ, ಹೂವು ಕಟ್ಟಿಕೊಂಡು ಹೋದೆ. ಹೆಣ್ಣಿನ ಹೆಸರು ಶೇಂಗಾ; ಬಣ್ಣವೂ ಹುರಿದ ಶೇಂಗಾದ್ದೇ. "ನಡಿಸು ತಮ್ಮಾ, ನೋಡೂಣು" ಅಂದೆ. ನಡಿಸಿದ. ಹಲ್ಲು ನೋಡಿದೆ. ಕಾಲೆತ್ತಿ ನೋಡಿದೆ. ಚೌರಿ ಹಚ್ಚ್ಯಾರೋ ಏನೋ ಅಂತ ಬಾಲ ಜಗ್ಗಿಯೂ ನೋಡಿದೆ. ಶೇಂಗಾ ಮಿಸುಕಲಿಲ್ಲ.

"ನನ್ನ ನೋಡಾಕ ಬಂದಾಗೂ ಹಿಂಗ ಜಡಿ ಜಗ್ಗಿದ್ರಿ ಅತ್ತಿ" ಎಂದಳು ಶಾಂತಾ.

ಮಲ್ಲಪ್ಪ ಅದರ ತಾಯಿಯನ್ನೂ ಕರೆತಂದು ತೋರಿಸಿದ. ಆಮೇಲೆ, "ಐಬು ಮೊದಲs ಹೇಳಿಬಿಡ್ತೀನ್ರಿ. ಛತ್ರಿ ಬಿಚ್ಚಿದ್ರ ಹಿಂದಕ್ಕ ಸರೀತೈತಿ. ಹೂ ಕಂಡ್ರ ತಿಂತೈತಿ" ಎಂದ. ನಾನು ಕೂಡಿಸಿದ ಅಷ್ಟು ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಐಬು ಮೊದಲೇ ಹೇಳಿದ್ದನ್ನು ನಾ ಕಾಣೆ. ಅಷ್ಟರಲ್ಲಿ ನಾವು ತಂದ ಹೂವು ಮುಗಿದೇ ಹೋಗಿತ್ತು.

"ನನಗ ಪಸಂದ್" ಅಂದೆ.

"ಈಗ ನಾ ನಿಮ್ಮ ಮನಿ ನೋಡಬೇಕ್ರಿ."

"ನಾವು ಗಂಡಿನ ಕಡೆಯವರೋ ಯಪ್ಪಾ!"

"ಇರ್ರಿ ಆಯಿ. ಇದು ಮರಿ ಇದ್ದಾಗಿಂದ ಇದರ ಮುಂದ ಯಾರೂ ಒದರಿಲ್ರಿ. ಒದರೋ ಮನಿಗೆ ನಾ ಕೊಡೂದಿಲ್ಲ."

ಶಾಂತಾ ನನ್ನ ಮಾರಿ ನೋಡಿದಳು. ನಾನು ತೆಂಗಿನಕಾಯಿ ನೋಡಿದೆ.

ಮನೆ ನೋಡಲು ಗೊತ್ತು ಮಾಡಿದ ದಿನ ಮಲ್ಲಪ್ಪ ಶೇಂಗಾಳನ್ನೂ ಟೆಂಪೋದಲ್ಲಿ ಏರಿಸಿಕೊಂಡೇ ಬಂದ. "ಅತ್ತಿ, ಎಲಿ ಅಡಿಕಿ ಬಾಯ್ತುಂಬ ಹಾಕ್ಕೊಂಡು ಸುಮ್ನ ಕುಂಡ್ರ್ರಿ" ಎಂದು ಅಪ್ಪಣೆ ಕೊಟ್ಟು ಶಾಂತಾ ಚಹಾ ಮಾಡಲು ಒಳಗೆ ಹೋದಳು. ಕುಂತೆ. ಅವನು ನೆರಳು ನೋಡಿದ, ನೀರು ನೋಡಿದ, ನೆಲ ಮೆಟ್ಟಿ ನೋಡಿದ. ನಾನು ತಲೆ ಅಲ್ಲಾಡಿಸಿದೆ ಅಷ್ಟೇ. ಆಗ ಹಿತ್ತಲಾಚೆ ರೈಲು ಕೂಗುತ್ತ ಬಂತು. ಮಲ್ಲಪ್ಪ ಹಗ್ಗ ಬಿಗಿಹಿಡಿದ. ಶೇಂಗಾ ಒಂದು ಕಿವಿ ಹೊರಳಿಸಿ ಮೇವು ತಿನ್ನುತ್ತ ನಿಂತಿತು. ಗೆದ್ದೆ ಅಂದುಕೊಂಡೆ. ಅವನು ಹಗ್ಗ ಸಡಿಲು ಬಿಟ್ಟ.

ಬಿಸಿಲಿಗೆ ಹರವಿದ್ದ ರೊಟ್ಟಿ ಮೇಲೆ ಒಂದು ಕಾಗೆ ಬಂದು ಕುಂತಿತು.

"ಹೇ ನಿನ್ನ ಹೆಣಾ ಎತ್ಲಿ!"

ಕಾಗೆ ಹಾರಿತು. ಟಾಂಗಾದೊಳಗಿನ ಕೋಳಿಗಳೂ ಹಾರಿದವು. ನನ್ನ ಎಲೆ ಅಡಿಕೆ ಮಲ್ಲಪ್ಪನ ಬಿಳಿ ಅಂಗಿಗೆ ಹಾರಿತು. ಶೇಂಗಾ ಒಣಹಾಕಿದ್ದ ನನ್ನ ಸೀರೆಯನ್ನು ಕೊರಳಿಗೆ ಸಿಗಿಸಿಕೊಂಡು ನೇರ ಅಡುಗೆಮನೆಗೆ ನುಗ್ಗಿ ಶಾಂತಾಳ ಬೆನ್ನ ಹಿಂದೆ ಅಡಗಿ ನಿಂತಿತು. ಓಡಿ ಹೋಗಿ ನೋಡಿದರೆ, ಇವಳು ಅದರ ಕುತ್ತಿಗೆ ಸವರುತ್ತ ಹೇಳುತ್ತಿದ್ದಾಳೆ: "ಏನಿಲ್ಲವ್ವಾ, ಅಂಜಬ್ಯಾಡ. ನಮ್ಮತ್ತಿ ದನಿ ಅದು. ತೆಳಗ ನೋಡ್ಕೋತ ನಿಂದ್ರು, ತಾನs ನಿಲ್ಲತೈತಿ. ನಾನೂ ಹಂಗs ಮಾಡ್ತೀನಿ."

ಮಲ್ಲಪ್ಪ ಅಂಗಿ ಒರೆಸಿಕೊಳ್ಳುತ್ತ ಬಂದ. "ರೈಲಿಗೆ ಅಂಜಲಿಲ್ಲ, ನಿಮಗ ಅಂಜಿತಲ್ರಿ ಆಯಿ! ತಟ್ಟು ಕೊಡ್ತೀನಿ. ನಿಮಗಲ್ಲ, ಈ ತಂಗೀಗೆ." ಎಂದು ಹಗ್ಗ ಅವಳ ಕೈಗೆ ಕೊಟ್ಟ. ನಾನು ಶೇಂಗಾಳ ಮುಂದೆ ಇನ್ನೊಮ್ಮೆ ಒದರಿದ್ದು ತಿಳಿದರೆ ವಾಪಸ್ ಒಯ್ಯುವುದಾಗಿಯೂ ಹೇಳಿ ಹೋದ. ಈಗಲೂ ಆಗಾಗ ಫೋನ್ ಮಾಡಿ ವಿಚಾರಿಸುತ್ತಾನೆ, ತಟ್ಟನ್ನಲ್ಲ, ನನ್ನನ್ನ.

ಈಗ ರೊಟ್ಟಿ ಇಡಿಯಾಗಿ ಹೋಗುತ್ತವೆ. ಖಾನಾವಳಿಯವನೂ ಸುಮ್ಮನಾಗಿದ್ದಾನೆ. ಹಿತ್ತಲ ಮೂಲೆಯಲ್ಲಿ ನಾನು ಬಡಿದಿದ್ದ ಗೂಟವನ್ನು ಮಾತ್ರ ಶಾಂತಾ ಕಿತ್ತು, ಅಡುಗೆಮನೆ ಕಿಟಕಿಯ ಬುಡಕ್ಕೇ ಬಡಿದಿದ್ದಾಳೆ. ಯಾಕೆಂದು ಕೇಳಿದರೆ, "ಇಲ್ಲಿ ಗಾಳಿ ಚಲೋ ಬರತೈತ್ರಿ ಅತ್ತಿ" ಅಂತಾಳೆ. ಸಾರಿಗೆ ಉಪ್ಪು ಹೆಚ್ಚಾದರೆ ಅಕಿ ಕಿವಿಯಲ್ಲಿ ಗುಸುಗುಸು ಹೇಳಬೇಕು, ಅಕಿ "ಏನಂದ್ರಿ? ಕೇಳಸಲಿಲ್ಲ" ಅಂತಾಳೆ.

ಹೊಟ್ಟೆಯಲ್ಲಿ ಎಷ್ಟಂತ ಇಟ್ಟುಕೊಳ್ಳಲಿ? ಸಂಜೆ ಹಳಿಯ ಕಡೆ ಹೋಗಿ ನಿಲ್ಲುತ್ತೇನೆ. ರೈಲು ಬಂದಾಗ ಇಡೀ ದಿನದ್ದನ್ನು ಒದರಿ ಬರುತ್ತೇನೆ. ಮೊದಮೊದಲು ಪ್ಯಾಸೆಂಜರ್ ಗಾಡಿಗೆ ಹೋಗುತ್ತಿದ್ದೆ. ಸೊಸೆಯದು ಮುಗಿದು ಮಲ್ಲಪ್ಪನದು ಹಿಡಿಯುವಷ್ಟರಲ್ಲಿ ದಾಟಿಹೋಗುತ್ತಿತ್ತು. ಈಗ ಗೂಡ್ಸ್ ಗಾಡಿಗೇ ಕಾಯುತ್ತೇನೆ.