ಆರೋಗ್ಯ ಅಳೆಯುವ ಗೀಟಿಗೆ, ಚಿಕ್ಕಮ್ಮನ ಮಂಡಿಯ ಪರವಾಗಿ

ಮಾನ್ಯ ಗೀಟಿನವರೇ,

ಆರೋಗ್ಯ ಸಮೀಕ್ಷೆಯ ಕೊನೆಯ ಪುಟದಲ್ಲಿ, ಬುಡದಲ್ಲಿ ಸೊನ್ನೆಯನ್ನೂ ನೆತ್ತಿಯ ಮೇಲೆ ನೂರನ್ನೂ ಹೊತ್ತು, ಯಾರ ಮುಂದೆಯೂ ಬಾಗದೆ ನೆಟ್ಟಗೆ ನಿಂತಿರುವ ತಮಗೆ ಈ ಬಡ ಪದವೀಧರೆಯ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸಿದ್ದೇನೆ. ಭಾವಿಸದೆ ಬೇರೆ ದಾರಿಯೂ ಇಲ್ಲ. ಊರವರ ಆರೋಗ್ಯವನ್ನೆಲ್ಲ ವಿಚಾರಿಸುವ ತಮ್ಮನ್ನು ಹೇಗಿದ್ದೀರಿ ಎಂದು ಕೇಳುವ ನಮೂನೆ ನಮ್ಮ ಕಚೇರಿಯಲ್ಲಿ ಇನ್ನೂ ಅಚ್ಚಾಗಿಲ್ಲ.

ತಮಗೆ ನನ್ನ ನೆನಪಿರಲಾರದು. ಆರೋಗ್ಯ ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯ ಮೊದಲ ವಾರದಲ್ಲೇ ನಮ್ಮ ಪ್ರಾಧ್ಯಾಪಕರು ತಮ್ಮನ್ನು ಬೋರ್ಡಿನ ಮೇಲೆ ಎಳೆದು, ಕೈಗೆ ಮೆತ್ತಿದ ಸೀಮೆಸುಣ್ಣದ ಪುಡಿಯನ್ನು ಕೊಡವಿಕೊಳ್ಳುತ್ತ, ಮನುಷ್ಯ ತನ್ನ ಆರೋಗ್ಯ ಎಷ್ಟಿದೆ ಎಂದು ತೋರಿಸಬೇಕಾದರೆ ಈ ಗೀಟಿನ ಮೇಲೆ ಒಂದು ಗುರುತು ಹಾಕಿದರೆ ಸಾಕು ಎಂದರು. ಅಷ್ಟು ಸುಲಭವಾಗಿದ್ದೂ ಇಷ್ಟು ದಿನ ಜನ ಯಾಕೆ ನರಳುತ್ತಿದ್ದರೋ ಎಂದು ನನಗೆ ನಿಜಕ್ಕೂ ಮರುಕವಾಯಿತು. ಆಮೇಲಿನ ಎರಡು ವರ್ಷ ನಾವು ಕಂಪ್ಯೂಟರಿನೊಳಗೆ ಸಾವಿರ ಮಂದಿ ಕಾಲ್ಪನಿಕ ರೋಗಿಗಳನ್ನು ಸಾಕಿದೆವು. ಒಂದೇ ವಯಸ್ಸಿನ ಆ ಸಾವಿರ ಜನರೂ ವರ್ಷಕ್ಕೊಮ್ಮೆ ಶಿಸ್ತಾಗಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ, ಸ್ವಸ್ಥದಿಂದ ಅಸ್ವಸ್ಥಕ್ಕೆ, ಅಲ್ಲಿಂದ ಸಾವಿಗೆ ಹೋಗುತ್ತಿದ್ದರು. ಅಳುತ್ತಿರಲಿಲ್ಲ, ಶೌಚಾಲಯ ಎಲ್ಲಿದೆ ಎಂದು ಕೇಳುತ್ತಿರಲಿಲ್ಲ, ಹೋದ ವರ್ಷ ತಮಗೆ ಏನಾಗಿತ್ತೆಂಬುದು ಅವರಿಗೆ ನೆನಪೂ ಇರುತ್ತಿರಲಿಲ್ಲ. ಅಂಥ ಸಂಭಾವಿತರನ್ನು ನಾನು ಮತ್ತೆ ಕಂಡಿಲ್ಲ.

ಮನೆಯಲ್ಲಿ ಮಾತ್ರ ನನ್ನ ಓದು ಅರ್ಧ ಡಾಕ್ಟರಿಕೆ, ಇನ್ನರ್ಧ ಲೆಕ್ಕಪತ್ರ ಎಂದು ತೀರ್ಮಾನವಾಗಿತ್ತು. ಅಪ್ಪನ ಗೆಳೆಯರೊಬ್ಬರು ಗ್ಯಾಸಿಗೆ ಮಾತ್ರೆ ಕೇಳಿದರು, ಸೋದರಮಾವ ತೆರಿಗೆ ಉಳಿಸುವ ದಾರಿ ಕೇಳಿದ. ಇಬ್ಬರೂ ಬಂದ ದಾರಿಗೆ ಸುಂಕವಿಲ್ಲದೆ ಹೋದರು.

ಇದನ್ನು ಓದಿದರೆ ಮುಂದೆ ಏನು ಕೆಲಸ ಸಿಗುತ್ತದೆ ಎಂದು ಕೇಳುವ ಕಿರಿಯರಿಗೆ ನಾನು ತಮ್ಮ ಹೆಸರು ಹೇಳಿಯೇ ಧೈರ್ಯ ತುಂಬುತ್ತೇನೆ. ನನ್ನ ಸಹಪಾಠಿಯೊಬ್ಬ ಔಷಧ ಕಂಪನಿಯಲ್ಲಿದ್ದು ಹೊಸ ಮಾತ್ರೆ ಅದರ ಬೆಲೆಗೆ ತಕ್ಕದ್ದೆಂದು ತಮ್ಮ ಸಹಾಯದಿಂದ ಸಾಧಿಸುತ್ತಾನೆ. ಇನ್ನೊಬ್ಬಳು ವಿಮೆ ಕಂಪನಿಯಲ್ಲಿದ್ದು ಅದೇ ಮಾತ್ರೆ ಆ ಬೆಲೆಗೆ ತಕ್ಕದ್ದಲ್ಲವೆಂದು ತಮ್ಮದೇ ಸಹಾಯದಿಂದ ಸಾಧಿಸುತ್ತಾಳೆ. ಒಂದೇ ನೋಟ್ಸ್ ಓದಿ ಪಾಸಾದ ಅವರಿಬ್ಬರೂ ಈಗ ಗಂಡ ಹೆಂಡತಿ. ಸಂಸಾರ ಸುಖವಾಗಿ ಸಾಗಿದೆ. ಮೂರನೆಯವನು, ಬಡವರಿಗೆ ಆಸ್ಪತ್ರೆ ಯಾಕೆ ದೂರವಾಗಿದೆ ಎಂಬ ವಿಷಯದ ಮೇಲೆ ಭಾಷಣ ಮಾಡಲು ತಿಂಗಳಿಗೊಮ್ಮೆ ವಿಮಾನ ಹತ್ತುತ್ತಾನೆ. ನಮ್ಮ ಬ್ಯಾಚಿನ ಚಿನ್ನದ ಪದಕದ ಹುಡುಗಿ ಬೇಕರಿ ಇಟ್ಟಿದ್ದಾಳೆ, ಅವಳೊಬ್ಬಳು ನಮ್ಮ ಫೋನು ಎತ್ತುವುದಿಲ್ಲ.

ನನಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುವವರ ಸರತಿಯನ್ನು ಜೋಡಿಸುವ ಕಚೇರಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ತೀರ್ಮಾನಿಸುವ ಸೂತ್ರವನ್ನು ಬರೆದವಳು ನಾನೇ. ಅದರಲ್ಲಿ ವೈದ್ಯರ ಮಾತಿಗೆ ಒಂದು ಪಾಲು ತೂಕ ಕೊಟ್ಟರೆ ತಮಗೆ ಎರಡು ಪಾಲು ಕೊಟ್ಟಿದ್ದೆ. ತಮ್ಮ ಮೇಲೆ ನನಗಿದ್ದ ನಂಬಿಕೆ ಅಂಥದ್ದು. ನನ್ನ ದೂರು ಶುರುವಾಗುವುದೂ ಇಲ್ಲಿಂದಲೇ, ಯಾಕೆಂದರೆ ಆ ಸರತಿಯಲ್ಲಿ ನನ್ನ ಚಿಕ್ಕಮ್ಮ ಬಂದು ನಿಂತರು. ನಿಂತರು ಎನ್ನುವುದು ಮಾತಿಗೆ ಅಷ್ಟೇ, ಅವರಿಗೆ ನಿಲ್ಲಲಾಗುವುದಿಲ್ಲ.

ಚಿಕ್ಕಮ್ಮ ಬಟ್ಟೆ ಆಲ್ಟರೇಷನ್ ಅಂಗಡಿ ನಡೆಸುತ್ತಾರೆ. ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಕಡಿದಾದ ಮೆಟ್ಟಿಲು. ಬಲ ಮಂಡಿ ಸವೆದ ಮೇಲೆ ಅವರು ಹೊಲಿಗೆ ಯಂತ್ರವನ್ನು ಎಡಗಾಲಿನಲ್ಲಿ ತುಳಿಯುವುದನ್ನು ಕಲಿತರು, ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡರು. ತಮ್ಮ ಸ್ವಂತ ಅಡುಗೆಮನೆಯನ್ನು ಅವರು ನೋಡಿ ಎಷ್ಟೋ ತಿಂಗಳಾಗಿದೆ. ಇಂಥವರ ಬಳಿಗೆ ನಮ್ಮ ಕಚೇರಿಯ ಸಮೀಕ್ಷಕಿ ಹೋಗಿ, ನಡೆಯುವುದರಲ್ಲಿ ತೊಂದರೆ ಇದೆಯೇ ಎಂದು ಕೇಳಿದಳು. ಚಿಕ್ಕಮ್ಮ ಇಲ್ಲ ಎಂದರು. ಆಮೇಲೆ ತಮ್ಮನ್ನು ಮುಂದಿಟ್ಟಾಗ ತೊಂಬತ್ತಕ್ಕೆ ಗುರುತು ಹಾಕಿ, ಕುಡಿಯಲು ಏನಾದರೂ ಕೊಡಲೇ ಎಂದು ವಿಚಾರಿಸಿದರು. ಸಂಜೆ ನಾನು ಹೋಗಿ ಜಗಳವಾಡಿದಾಗ ಅವರಿಗೇ ಆಶ್ಚರ್ಯ: “ನಡೆಯೋದನ್ನೇ ಬಿಟ್ಟಿದ್ದೀನಲ್ಲ ಪುಟ್ಟಿ, ಇನ್ನು ತೊಂದರೆ ಎಲ್ಲಿಂದ ಬರಬೇಕು?”

ಅದೇ ಬೀದಿಯ ಎದುರುಮನೆ ಯಜಮಾನರು ದಿನಾ ಬೆಳಿಗ್ಗೆ ಪಾರ್ಕಿಗೆ ಸುತ್ತು ಹಾಕುವವರು. ಅದೇ ಸರತಿಯಲ್ಲಿದ್ದ ಅವರು ಎರಡಕ್ಕೆ ಗುರುತು ಹಾಕಿದ್ದರು. ಅವರ ಸಿಟ್ಟು ಮಂಡಿಯ ಮೇಲಿತ್ತೋ, ಕೆಟ್ಟುಹೋದ ಬೀದಿದೀಪದ ಮೇಲಿತ್ತೋ ವಿಚಾರಿಸುವ ಕೆಟ್ಟ ಕುತೂಹಲ ತಮಗಿಲ್ಲವಷ್ಟೆ. ಅವರಿಗೆ ಬೇಗನೆ ಹೊಸ ಮಂಡಿ ಬಂತು. ಚಿಕ್ಕಮ್ಮ ಸರತಿಯ ಬಾಲಕ್ಕೆ ಹೋದರು.

ಸಂಬಂಧಿಕರ ಕಡತವನ್ನು ನಾನು ಮುಟ್ಟುವಂತಿಲ್ಲವಾದ್ದರಿಂದ ನಿರ್ದೇಶಕರ ಕೋಣೆಗೆ ಹೋಗಿ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು, “ನಿಮ್ಮ ಚಿಕ್ಕಮ್ಮನ ಆರೋಗ್ಯ ಅವರಿಗಿಂತ ಚೆನ್ನಾಗಿ ನಿಮಗೆ ಗೊತ್ತೇನಮ್ಮ? ಇದು ರೋಗಿಯ ದನಿ. ನಾವು ಅದನ್ನ ಗೌರವಿಸಬೇಕು” ಎಂದರು. ಇನ್ನೊಮ್ಮೆ ಸಮೀಕ್ಷೆಯಾಗುವ ತನಕ ಕಾಯಲು ಹೇಳಿದರು.

ಆ ಎರಡನೆಯ ಸಮೀಕ್ಷೆಗೆ ಚಿಕ್ಕಮ್ಮನ ಅಂಗಡಿಯಲ್ಲಿ ನಡೆದ ತಯಾರಿಯನ್ನು ತಾವು ನೋಡಬೇಕಿತ್ತು. ಅಮ್ಮ ತನ್ನ ತಂಗಿಯನ್ನು ಕೂರಿಸಿಕೊಂಡು, “ಕೇಳಿದ ತಕ್ಷಣ ಸೊನ್ನೆ ಅನ್ನು, ಇನ್ನೇನೂ ಮಾತಾಡಬೇಡ” ಎಂದು ಪಾಠ ಹೇಳಿಕೊಟ್ಟಳು. “ಸೊನ್ನೆ ಅಂದ್ರೆ ಸತ್ತ ಹಾಗೆ ಅಲ್ವೇನೇ ಅಕ್ಕಾ? ಕಣ್ಣು ಬಿಟ್ಕೊಂಡು ಕೂತು ಹೇಗೆ ಹೇಳ್ಲಿ?” ಎಂದು ಚಿಕ್ಕಮ್ಮ ಎಂಬತ್ತಕ್ಕೆ ನಿಂತರು. ಅಮ್ಮ ಹತ್ತು ಎಂದಳು, ಚಿಕ್ಕಮ್ಮ ಎಪ್ಪತ್ತು ಎಂದರು. ತರಕಾರಿ ಅಂಗಡಿಯ ಮುಂದೆ ನಿಂತವರಂತೆ ಅಕ್ಕತಂಗಿಯರು ಎಳೆದಾಡಿ, ಕೊನೆಗೆ ಮೂವತ್ತಕ್ಕೆ ಒಪ್ಪಂದವಾಯಿತು. ಮರುದಿನ ಸಮೀಕ್ಷಕಿ ಬಂದಳು. ಚಿಕ್ಕಮ್ಮ ತೊಂಬತ್ತೈದಕ್ಕೆ ಗುರುತು ಹಾಕಿದರು. ಅಮ್ಮ ತಲೆ ಚಚ್ಚಿಕೊಂಡದ್ದಕ್ಕೆ ಅವರು ಕೊಟ್ಟ ಸಮಜಾಯಿಷಿ ಇದು: “ಪಾಪ, ಆ ಹುಡುಗಿಗೇ ಕೆಮ್ಮು. ಅಷ್ಟು ದೊಡ್ಡ ಬ್ಯಾಗು ಬೇರೆ. ಅವಳ ಮುಂದೆ ಕೂತು ನಾನು ನರಳಿದ್ರೆ ಚೆನ್ನಾಗಿರುತ್ತಾ?”

ಮಾನ್ಯರೇ, ತಾವು ನಿಜಕ್ಕೂ ದೊಡ್ಡವರು. ಬೇರೆ ಯಾವ ಅಳತೆಗೋಲಾದರೂ ಇಲ್ಲಿಗೆ ನಾಚಿ ತಲೆ ತಗ್ಗಿಸುತ್ತಿತ್ತು. ತಾವು ಹಾಗೆ ಮಾಡಲಿಲ್ಲ. ಸರತಿಯಲ್ಲಿ ಕಾಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಎರಡನೆಯ ಸಲ ಮೊದಲಿಗಿಂತ ಹೆಚ್ಚಿನ ಅಂಕಿಗೆ ಗುರುತು ಹಾಕಿದ್ದರು. ಇದನ್ನು ಕಂಡ ನಿರ್ದೇಶಕರ ಮುಖ ಅರಳಿತು. ಶಸ್ತ್ರಚಿಕಿತ್ಸೆಯಿಲ್ಲದೆ, ಖರ್ಚಿಲ್ಲದೆ, ಬರೀ ಕಾಯುವುದರಿಂದಲೇ ಆರೋಗ್ಯ ಸುಧಾರಿಸುತ್ತದೆ ಎಂದಾದರೆ ಅದಕ್ಕಿಂತ ಅಗ್ಗದ ಚಿಕಿತ್ಸೆ ಲೋಕದಲ್ಲಿ ಉಂಟೇ? ವರದಿ ಬರೆದು ಸಹಿ ಹಾಕಿ, ಸಮ್ಮೇಳನದಲ್ಲಿ ನೀವೇ ಓದುವಿರಂತೆ, ಬಡ್ತಿಯ ಮಾತನ್ನೂ ಆಡೋಣ ಎಂದರು. ಒಬ್ಬ ಚಿಕ್ಕಮ್ಮನ ಕಡತವನ್ನು ಮುಟ್ಟಬಾರದ ನಾನು, ಎಲ್ಲರ ಚಿಕ್ಕಮ್ಮಂದಿರ ಸರಾಸರಿಯನ್ನು ಮುಟ್ಟಬಹುದಂತೆ. ಅದೇ ವಾರ ಚಿಕ್ಕಮ್ಮನಿಗೆ, ಚೇತರಿಸಿಕೊಂಡದ್ದಕ್ಕೆ ಅಭಿನಂದಿಸಿ ಅವರ ಹೆಸರನ್ನು ಸರತಿಯಿಂದ ತೆಗೆದುಹಾಕಿದ ಪತ್ರ ಬಂತು. ಅಂಚೆಯವನು ಅದನ್ನು ಮೇಲಿನ ಮನೆಯ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ. ಅವರು ಹತ್ತಿ ಹೋಗಿ ತರಲಾರದೆ, ನಾನು ಹೋದ ದಿನ ತರಿಸಿ ಓದಿಸಿಕೊಂಡರು. ಓದಿ ಮುಗಿಸಿದಾಗ ಅವರು ನಗಲಿಲ್ಲ. ಮಂಡಿಯ ಮೇಲೆ ಕೈ ಇಟ್ಟುಕೊಂಡು, “ಹಾಗಾದ್ರೆ ಇನ್ನು ಮೇಲಕ್ಕೆ ಹೋಗೋದಿಲ್ಲ ಅನ್ನು” ಎಂದರು.

ಆದ್ದರಿಂದ ತಮ್ಮಲ್ಲಿ ವಿನಂತಿ. ಯಾರಾದರೂ “ಚೆನ್ನಾಗಿದ್ದೀನಿ” ಎಂದಾಗ ಅದು ಸುದ್ದಿಯೋ ಬರೀ ಮರ್ಯಾದೆಯೋ ಎಂದು ತಿಳಿದುಕೊಳ್ಳಲು ದಯವಿಟ್ಟು ಒಂದು ಜೊತೆ ಕಿವಿ ಬೆಳೆಸಿಕೊಳ್ಳಿ. ಆಗದಿದ್ದರೆ, ತೊಂಬತ್ತಕ್ಕೂ ತೊಂಬತ್ತೈದಕ್ಕೂ ನಡುವೆ “ಏನೋ ಹೀಗಿದ್ದೀನಿ” ಎನ್ನುವವರು ಕೂರಲು ಒಂದು ಜಗಲಿ ಕಟ್ಟಿಸಿ. ಅದೂ ಕಷ್ಟವೆಂದರೆ, ಪುಟದಿಂದ ಇಳಿದು ಬಂದು ಚಿಕ್ಕಮ್ಮನ ಅಂಗಡಿಯಲ್ಲಿ ಒಂದು ವಾರ ಇರಿ. ತಾವು ನೆಟ್ಟಗೆ ನಿಂತೇ ಇರುವವರು, ಮಲಗಲು ಹೆಚ್ಚು ಜಾಗ ಬೇಕಾಗಲಾರದು.

ತಮ್ಮ ಕೃಪೆಗೆ ಕಾಯುತ್ತ ಕೂರಲಿಲ್ಲ ಎಂಬುದಕ್ಕೆ ಕ್ಷಮೆಯಿರಲಿ. ವರದಿಗೆ ನಾನು ಸಹಿ ಹಾಕಿಲ್ಲ. ತಮಗೆ ಎರಡು ಪಾಲು ತೂಕ ಕೊಟ್ಟದ್ದು ತಪ್ಪೆಂದು, ಸೂತ್ರ ಬರೆದವಳ ಹೆಸರಿನಲ್ಲೇ ಆಸ್ಪತ್ರೆಯ ಸಮಿತಿಗೆ ಆಕ್ಷೇಪಣೆ ಸಲ್ಲಿಸಿದ್ದೇನೆ. ಸರತಿಯಿಂದ ತೆಗೆದುಹಾಕಿದವರನ್ನೆಲ್ಲ ಮೂಳೆ ವೈದ್ಯರೊಬ್ಬರು ಕರೆಸಿ ನೋಡುವುದಾಗಿ ಒಪ್ಪಿದ್ದಾರೆ. ಆ ವೈದ್ಯರು ಹೇಗಿದ್ದೀರಿ ಎಂದು ಕೇಳುವುದಿಲ್ಲವಂತೆ. ಕುರ್ಚಿಯಿಂದ ಎದ್ದು ಬಾಗಿಲ ತನಕ ನಡೆದು ಬನ್ನಿ ಎನ್ನುತ್ತಾರಂತೆ. ಅವರ ಮುಂದೆ ಚಿಕ್ಕಮ್ಮ ಎಷ್ಟೇ ಮರ್ಯಾದೆಯಿಂದ ನಡೆದುಕೊಂಡರೂ ಮಂಡಿ ನಡೆದುಕೊಳ್ಳಲಾರದು ಎಂಬ ಭರವಸೆ ನನಗಿದೆ.

ತಮ್ಮ ವಿಶ್ವಾಸಿ,
ಆರೋಗ್ಯ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರೆ, ಪ್ರಥಮ ದರ್ಜೆ

ವಿ.ಸೂ.: ಸಹಿ ಹಾಕದ ತಪ್ಪಿಗೆ ನನ್ನನ್ನು ಬೇರೆ ವಿಭಾಗಕ್ಕೆ ಕಳಿಸಿದ್ದಾರೆ. ಮುಂದಿನ ವರ್ಷ ಯಾವ ನಮೂನೆಗಳನ್ನು ಅಚ್ಚು ಹಾಕಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವ ವಿಭಾಗವದು. ತಮ್ಮ ಕಡತವೂ ನನ್ನ ಮೇಜಿನ ಮೇಲಿದೆ. ಗಾಬರಿ ಬೇಡ, ತಮ್ಮ ಸರದಿ ಬರಲು ಸ್ವಲ್ಪ ತಡವಾಗಬಹುದು. ಕಾದಷ್ಟೂ ಆರೋಗ್ಯ ಸುಧಾರಿಸುತ್ತದೆ ಎಂದು ನಿರ್ದೇಶಕರು ತಮ್ಮಿಂದಲೇ ಕಂಡುಕೊಂಡಿದ್ದಾರಲ್ಲ.